ಸಸ್ಯಾಹಾರಿ ಮನೆಯಲ್ಲಿ ಹುಳು ತಿನ್ನುವ ಮರಿ

ಪ್ರಶ್ನೆ: ನಾವಿರುವುದು ಸಿಡ್ನಿಯಲ್ಲಿ. ಮಗಳ ಹಟಕ್ಕೆ ಎರಡು ತಿಂಗಳಿನ ಬಿಯರ್ಡೆಡ್ ಡ್ರ್ಯಾಗನ್ ಮರಿಯೊಂದು ಮನೆಗೆ ಬಂದಿದೆ. ನಾವು ಸಸ್ಯಾಹಾರಿಗಳು, ಜೀವಂತ ಹುಳುಗಳ ಡಬ್ಬಿ ತಂದಿಡಲು ಮನಸ್ಸು ಒಪ್ಪುತ್ತಿಲ್ಲ. ಇದು ಸೊಪ್ಪನ್ನೂ ತಿನ್ನುತ್ತದಂತೆ. ಬರೀ ಸೊಪ್ಪು, ತರಕಾರಿ ಹಾಕಿ ಸಾಕಬಹುದೇ? ದಿನಕ್ಕೆ ಎಷ್ಟು ಸಲ ಕೊಡಬೇಕು?

ಉತ್ತರ: ಮರಿಯಾಗಿರುವಷ್ಟು ದಿನ ಸಾಧ್ಯವಿಲ್ಲ. ಇದು ನಮ್ಮೂರ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತದ ಕುಟುಂಬದ್ದೇ ಪ್ರಾಣಿ, ಆಸ್ಟ್ರೇಲಿಯಾದ ಒಳನಾಡಿನ ಒಣನೆಲದ್ದು. ಅಲ್ಲಿ ಗೆದ್ದಲು ಸಿಕ್ಕಿದರೆ ಗೆದ್ದಲು, ಸೊಪ್ಪು ಹೂವು ಸಿಕ್ಕಿದರೆ ಅದೂ ಸರಿ. ಅಂಗೈಯಲ್ಲಿ ಹಿಡಿಸುವ ಮರಿ ಸುಮಾರು ಒಂದು ವರ್ಷದಲ್ಲಿ ಮೊಳದುದ್ದ ಬೆಳೆಯುತ್ತದೆ. ಅಷ್ಟು ಬೇಗ ಬೆಳೆಯಲು ಬೇಕಾದ ಪ್ರೋಟೀನು ಸೊಪ್ಪಿನಲ್ಲಿಲ್ಲ. ಈಗ ಅದರ ಊಟದಲ್ಲಿ ಮುಕ್ಕಾಲು ಪಾಲು ಹುಳುಗಳೇ ಇರಬೇಕು.

ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು ಹಾಕಿ. ಹುಳುವಿನ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ದೊಡ್ಡದಾದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳಬಹುದು. ಉಳಿದ ಚಿಮ್ಮಂಡೆಗಳನ್ನು (ಅಂಗಡಿಯವರು ಕ್ರಿಕೆಟ್ ಎನ್ನುವುದು ಇವನ್ನೇ) ರಾತ್ರಿ ಗೂಡಿನಲ್ಲಿ ಬಿಡಬೇಡಿ. ಮಲಗಿದ ಮರಿಯ ಬಾಲ, ಬೆರಳುಗಳನ್ನು ಅವೇ ಕಚ್ಚುತ್ತವೆ.

ನಿಮ್ಮಂಥ ಮನೆಗೆ ಚಿಮ್ಮಂಡೆ ಹೇಳಿಸಿದ್ದಲ್ಲ. ನೆಗೆದು ತಪ್ಪಿಸಿಕೊಂಡು ಸೋಫಾದ ಹಿಂದೆ ರಾತ್ರಿಯೆಲ್ಲ ಕಿರ್‍ಗುಟ್ಟುತ್ತದೆ. ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು ಕೇಳಿ. ಅವು ನೆಗೆಯುವುದಿಲ್ಲ, ಸದ್ದಿಲ್ಲ, ಕ್ಯಾಲ್ಸಿಯಂ ಕೂಡ ಉಳಿದ ಹುಳುಗಳಿಗಿಂತ ಹೆಚ್ಚು. ಇನ್ನೊಂದು ರೇಷ್ಮೆಹುಳು: ಮೆತ್ತಗಿನ ಮೈ, ಕೊಬ್ಬು ಕಡಿಮೆ, ಮರಿಗೆ ಸುಲಭವಾಗಿ ಅರಗುತ್ತದೆ. ನೀವು ರಾಮನಗರ, ಶಿಡ್ಲಘಟ್ಟದ ಕಡೆಯವರಾಗಿದ್ದರೆ ಅದನ್ನು ಮುಟ್ಟುವುದಕ್ಕೂ ಹಿಪ್ಪುನೇರಳೆ ಸೊಪ್ಪು ಹಾಕುವುದಕ್ಕೂ ಯಾರೂ ಹೇಳಿಕೊಡಬೇಕಿಲ್ಲ. ಗಟ್ಟಿ ಸಿಪ್ಪೆಯ, ಕೊಬ್ಬು ಹೆಚ್ಚಿರುವ ಮೀಲ್‌ವರ್ಮ್ ಮಾತ್ರ ಈಗ ಬೇಡ. ಕೈಯಲ್ಲಿ ಹಿಡಿಯಲು ಅಸಹ್ಯವಾದರೆ ಉದ್ದನೆಯ ಚಿಮಟ ಇಟ್ಟುಕೊಳ್ಳಿ. ಹಿತ್ತಲಿನ ಹುಳು ಹಿಡಿದು ಹಾಕುವ ಉಳಿತಾಯ ಬೇಡ. ಕೀಟನಾಶಕ ತಿಂದಿರಬಹುದು, ಪರೋಪಜೀವಿಗಳೂ ಇರಬಹುದು. ಮಿಂಚುಹುಳುವನ್ನಂತೂ ಹತ್ತಿರಕ್ಕೇ ತರಬೇಡಿ. ಅದರ ವಿಷಕ್ಕೆ ಈ ಹಲ್ಲಿಗಳು ಸತ್ತಿರುವುದು ದಾಖಲಾಗಿದೆ.

ಹುಳು ತಂದ ಕೂಡಲೇ ಹಾಕಿಬಿಡುವುದೂ ಸರಿಯಲ್ಲ. ಅಂಗಡಿಯ ಡಬ್ಬಿಯಲ್ಲಿ ಉಪವಾಸ ಬಿದ್ದ ಚಿಮ್ಮಂಡೆ ಖಾಲಿ ಚೀಲವಿದ್ದಂತೆ. ಒಂದು ದಿನ ಮೊದಲೇ ಅದಕ್ಕೆ ಸೊಪ್ಪು, ಕ್ಯಾರೆಟ್ಟು ತಿನ್ನಿಸಿ. ಅದು ತಿಂದದ್ದೇ ಮರಿಯ ಹೊಟ್ಟೆ ಸೇರುವುದು. ಇಷ್ಟಾದರೂ ಹೆಚ್ಚಿನ ಹುಳುಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ದಿನಕ್ಕೊಂದು ಊಟಕ್ಕಾದರೂ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿ ಉದುರಿಸಿ, ಡಬ್ಬಿ ಅಲುಗಾಡಿಸಿ, ಹುಳುಗಳ ಮೈಗೆ ತೆಳುವಾಗಿ ಹತ್ತಿದ ಮೇಲೆ ಕೊಡಿ. ವಿಟಮಿನ್ ಪುಡಿ ವಾರಕ್ಕೆ ಒಂದೆರಡು ಸಲ ಸಾಕು.

ಪುಡಿಯ ವಿಚಾರ ಹೇಳಿದ ಮೇಲೆ ದೀಪದ ವಿಚಾರ ಹೇಳಲೇಬೇಕು. ನನ್ನ ಮಟ್ಟಿಗೆ ಅದೂ ಆಹಾರದ ಭಾಗವೇ. ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ಮೈಯಲ್ಲಿ ಸಾಕಷ್ಟು ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಎಲುಬಿಗೆ ದಕ್ಕುವುದಿಲ್ಲ. ಕಿಟಕಿಯ ಬಿಸಿಲು ಸಾಲದು, ಗಾಜು ಈ ಕಿರಣಗಳನ್ನು ತಡೆಯುತ್ತದೆ. ದೀಪ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಕ್ರಮೇಣ ಕುಗ್ಗುವುದರಿಂದ, ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ, ಬದಲಿಸಬೇಕು. ಶಾಖವೂ ಅಷ್ಟೇ ಮುಖ್ಯ. ಮರಿ ಮೈ ಕಾಯಿಸಿಕೊಳ್ಳುವ ಜಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಲಿ, ಗೂಡಿನ ಇನ್ನೊಂದು ತುದಿ 25ರ ಆಸುಪಾಸು. ಮೈ ಬಿಸಿಯಾಗದೆ ತಿಂದದ್ದು ಅರಗುವುದಿಲ್ಲ. ಕೊನೆಯ ಊಟ ದೀಪ ಆರಿಸುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ.

ಇನ್ನು ನಿಮಗೆ ಪ್ರಿಯವಾದ ಸೊಪ್ಪು. ದಿನವೂ ಬೆಳಿಗ್ಗೆ ಸಣ್ಣಗೆ ಹೆಚ್ಚಿ ಇಡಿ, ಮರಿ ಮೂಸಿ ನೋಡದಿದ್ದರೂ ಇಡಿ. ಸಾಸಿವೆ ಸೊಪ್ಪು, ಬೋಕ್ ಚಾಯ್, ತುರಿದ ಸಿಹಿಗುಂಬಳ, ಔಷಧಿ ಹೊಡೆಯದ ದಾಸವಾಳದ ಹೂವು ಒಳ್ಳೆಯವು. ಪಾಲಕ್, ದಂಟು ನಮಗೆ ಎಷ್ಟೇ ಒಳ್ಳೆಯದಿರಲಿ, ಅವುಗಳ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಬೆಣ್ಣೆಹಣ್ಣು, ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ಮೊಸರನ್ನವೂ ಬೇಡ, ನಮ್ಮಲ್ಲಿ ನಾಯಿ, ಬೆಕ್ಕು ಎಲ್ಲಕ್ಕೂ ಅದನ್ನೇ ಕಲಸಿ ಹಾಕುವ ಅಭ್ಯಾಸ ಇರುವುದರಿಂದ ಹೇಳಿದೆ. ಈಗಿನಿಂದಲೇ ಸೊಪ್ಪು ಕಂಡು ರೂಢಿಯಾದರೆ, ವರ್ಷ ದಾಟಿದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ: ಊಟದ ಮುಕ್ಕಾಲು ಪಾಲು ಸೊಪ್ಪು, ವಾರದಲ್ಲಿ ಎರಡು ಮೂರು ಸಲ ಮಾತ್ರ ಹುಳು. ಅಷ್ಟೂ ದಿನ ಹುಳು ಕೊಡಲು ಮನೆಯಲ್ಲಿ ಯಾರಿಗೂ ಆಗದೆಂದಾದರೆ, ಕೊಡಬಲ್ಲವರಿಗೆ ಮರಿಯನ್ನು ಒಪ್ಪಿಸುವುದೇ ಮೇಲು.

ಕೈಕಾಲು ನಡುಗಿದರೆ, ದವಡೆ ಮೆತ್ತಗಾದರೆ ಅಥವಾ ಊದಿದರೆ, ಮೈಯೆತ್ತಿ ನಡೆಯಲಾರದೆ ತೆವಳಿದರೆ ಪುಡಿ ಹೆಚ್ಚಿಸಿ ಕಾಯಬೇಡಿ. ಎಲುಬು ಸೊರಗುತ್ತಿರುವ ಲಕ್ಷಣವದು. ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಅಂದೇ ಒಯ್ಯಿರಿ, ದೀಪ ಯಾವುದು, ಎಷ್ಟು ಹಳೆಯದು ಎಂಬುದನ್ನೂ ಬರೆದುಕೊಂಡು ಹೋಗಿ.