ಮೋಡದ ಒಂದು ಅಗುಳು

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಹಿಸುಕಿ ನೋಡಿದರೆ ಸಾಕು, ಇಡೀ ಪಾತ್ರೆ ಸುರಿಯಬೇಕಿಲ್ಲ. ಆದರೆ ಬಾಂಬಿನ ಅಣಬೆ ಮೋಡದಿಂದ ಅಗುಳು ತೆಗೆಯೋದು ಹೇಗೆ? ಈ ಸಲ ಅದನ್ನೇ ನೋಡೋಣ.

1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಅಮೆರಿಕ ‘ಐವಿ ಮೈಕ್’ ಎಂಬ ಹೈಡ್ರೋಜನ್ ಸಾಧನವನ್ನು ಸ್ಫೋಟಿಸಿತು. ಶಕ್ತಿ 10.4 ಮೆಗಾಟನ್. ಎಲುಗೆಲಾಬ್ ಎಂಬ ಪುಟ್ಟ ದ್ವೀಪವೇ ಇಲ್ಲವಾಯಿತು. ಸಾಧನದ ಒಳಗೆ ಏನೇನು ನಡೆಯಿತು ಅಂತ ಹೇಳಬಲ್ಲ ಪುರಾವೆ ಆವಿಯಾಗಿ ಮೋಡ ಸೇರಿತ್ತು. ಮೋಡದ ತಲೆ 30 ಕಿ.ಮೀ.ಗೂ ಮೇಲೆ ಹೋಗಿತ್ತು. ಅಷ್ಟು ಎತ್ತರಕ್ಕೆ ಏರಲಾಗದ ಎಫ್-84 ಜೆಟ್‌ಗಳು ಅದರ ಕಾಂಡದೊಳಗೆ ನುಗ್ಗಿದವು. ರೆಕ್ಕೆಯ ತುದಿಯಲ್ಲಿ ಫಿಲ್ಟರ್ ಪೇಪರ್. ಗಾಳಿ ಹಾದುಹೋಗುತ್ತೆ, ಕಣ ಸಿಕ್ಕಿಕೊಳ್ಳುತ್ತೆ, ಅಷ್ಟೇ ಉಪಾಯ.

ಇಷ್ಟು ಚಿಕ್ಕ ಸ್ಯಾಂಪಲ್‌ನಿಂದ ಏನು ಗೊತ್ತಾಗುತ್ತೆ? ಇಲ್ಲಿ ಬೇಕಿರೋದು ಪ್ರಮಾಣ ಅಲ್ಲ, ಅನುಪಾತ. 100 ಯುರೇನಿಯಂ ಪರಮಾಣು ಒಡೆದರೆ ಸುಮಾರು 6 ಮಾಲಿಬ್ಡಿನಮ್-99 ಹುಟ್ಟುತ್ತವೆ. ಹಾಗಾಗಿ ಮಾಲಿಬ್ಡಿನಮ್ ಎಣಿಸಿದರೆ ಎಷ್ಟು ಪರಮಾಣು ಒಡೆದವು ಅಂತ ಸಿಗುತ್ತೆ. ಒಡೆಯದೆ ಉಳಿದ ಯುರೇನಿಯಂ ಅದೇ ಕಾಗದದಲ್ಲಿರುತ್ತೆ. ಒಡೆದದ್ದು 1, ಉಳಿದದ್ದು 4 ಅಂದುಕೊಳ್ಳಿ: 1/(1+4), ಅಂದರೆ ಶೇಕಡ 20 ಉರಿದಿದೆ. ಸ್ಯಾಂಪಲ್ ಅರ್ಧವಾದರೂ ಉತ್ತರ ಬದಲಾಗಲ್ಲ.

ಎರಡು ತೊಡಕು ಇವೆ. ಮೋಡ ತಣಿಯುವಾಗ ಬೇರೆ ಬೇರೆ ಧಾತು ಬೇರೆ ಬೇರೆ ಹೊತ್ತಿಗೆ ಗಟ್ಟಿಯಾಗುತ್ತೆ, ಎಲ್ಲಾ ಕಡೆ ಒಂದೇ ಮಿಶ್ರಣ ಇರಲ್ಲ. ಅದಕ್ಕೇ ಒಂದು ವಿಮಾನ ಸಾಲದು. ಇನ್ನೊಂದು, ಮಾಲಿಬ್ಡಿನಮ್-99ರ ಅರ್ಧಾಯುಷ್ಯ 66 ಗಂಟೆ ಮಾತ್ರ. ಲ್ಯಾಬ್ ತಲುಪೋದು 11 ದಿನ ತಡವಾದರೆ ಎಷ್ಟು ಉಳಿಯುತ್ತೆ? ಹದಿನಾರರಲ್ಲಿ ಒಂದು ಪಾಲು.

ಆ ದಿನ ಮೋಡದೊಳಗೆ ಪೈಲಟ್ ಜಿಮ್ಮಿ ರಾಬಿನ್ಸನ್ ಅವರ ವಿಮಾನ ಹಿಡಿತ ತಪ್ಪಿ ಗಿರಕಿ ಹೊಡೆಯಿತು. ಸಂಭಾಳಿಸಿಕೊಂಡು ಹೊರಬಂದರು. ಆದರೆ ಇಂಧನ ಮುಗಿಯಿತು. ರನ್‌ವೇ ಇನ್ನೇನು ಕೆಲವೇ ಕಿ.ಮೀ. ಇರುವಾಗ ವಿಮಾನ ಸಮುದ್ರಕ್ಕೆ ಬಿತ್ತು. ಅವರ ದೇಹ ಸಿಗಲೇ ಇಲ್ಲ.

ಉಳಿದ ವಿಮಾನಗಳು ತಂದ ಕಾಗದದಲ್ಲಿ ಯಾರೂ ನಿರೀಕ್ಷಿಸದ ವಸ್ತು ಇತ್ತು. ಯುರೇನಿಯಂ-238 ಕ್ಷಣಾರ್ಧದಲ್ಲಿ 15 ನ್ಯೂಟ್ರಾನ್ ನುಂಗಿ, ಆಮೇಲೆ 7 ಸಲ ಬೀಟಾ ಕ್ಷಯವಾಗಿ, ಪರಮಾಣು ಸಂಖ್ಯೆ 92ರಿಂದ 99ಕ್ಕೆ ಏರಿತ್ತು. ಅದೇ ಐನ್‌ಸ್ಟೈನಿಯಂ. ಮೊದಲು ಗುರುತಿಸಿದ್ದು ಸುಮಾರು 200 ಪರಮಾಣು ಮಾತ್ರ! ಅದೇ ಸ್ಫೋಟದ ಅವಶೇಷದಲ್ಲಿ 100ನೆಯ ಧಾತು ಫರ್ಮಿಯಂ ಕೂಡ ಸಿಕ್ಕಿತು. ಈ ಸುದ್ದಿ 1955ರವರೆಗೆ ಗುಟ್ಟಾಗಿತ್ತು.

ಕೆಮಿಸ್ಟ್ರಿ ಲ್ಯಾಬಿನ ಗೋಡೆಯಲ್ಲಿ ಆವರ್ತ ಕೋಷ್ಟಕ ಇದೆಯಲ್ಲ, ಮುಂದಿನ ಸಲ 99 ಮತ್ತು 100ರ ಮನೆ ನೋಡಿದಾಗ ನಾವು ಐನ್‌ಸ್ಟೈನ್, ಫರ್ಮಿ ಜೊತೆಗೆ ರಾಬಿನ್ಸನ್ ಅವರನ್ನೂ ನೆನೆಯೋಣ.