ಮೆಲ್ಕಾರಿನಲ್ಲೇ ಇದ್ದು ಗೇಮ್ ಕಲೆಯ ಗುತ್ತಿಗೆ

ಊರು ಬಿಡದೆ ಗೇಮ್ ಕಲಾವಿದರಾಗಿ ಗುತ್ತಿಗೆ ಕೆಲಸ ಹಿಡಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಿಡಿಯಬಹುದು. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಬೆಳೆದದ್ದೇ ವಿದೇಶಿ ಗೇಮ್‌ಗಳಿಗೆ ಕಲೆ ಒದಗಿಸಿ. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಅದನ್ನು ಕೊಂಡುಕೊಂಡಿತು. ಕೆಲಸ ಕೊಡುವವರು ನೋಡುವುದು ನಿಮ್ಮ ವಿಳಾಸವನ್ನಲ್ಲ, ತಮಗೆ ಈಗ ಬೇಕಾದ ವಸ್ತುವನ್ನು ನೀವು ಮಾಡಬಲ್ಲಿರಾ ಎಂಬುದನ್ನು. ಆದ್ದರಿಂದ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೋರಿಸುವ ಪೋರ್ಟ್‌ಫೋಲಿಯೊ ಬೇಡ. ಪರಿಸರ ಕಲೆ ನಿಮ್ಮ ಒಲವಾದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೇ ಎತ್ತಿಕೊಳ್ಳಿ. ಕೆಲವೇ ಕಂಬ, ತೊಲೆ, ಮಾಡಿನ ತುಂಡುಗಳನ್ನು ಮಾಡೆಲ್ ಮಾಡಿ, ಅವನ್ನೇ ಮರುಜೋಡಿಸಿ ಮಂಟಪ ಕಟ್ಟಿ, ಅನ್‌ರಿಯಲ್ ಎಂಜಿನ್‌ನಲ್ಲಿ ಓಡಿಸಿ. ವೈರ್‌ಫ್ರೇಮ್, ಟೆಕ್ಸ್‌ಚರ್, ಪಾಲಿಗನ್ ಲೆಕ್ಕದ ಸಮೇತ ಆರ್ಟ್‌ಸ್ಟೇಷನ್‌ಗೆ ಹಾಕಿ.

ಸಂಬಳದ ಕೆಲಸವೇ ಭದ್ರವಲ್ಲವೇ ಎಂದು ಮನೆಯವರು ಕೇಳಬಹುದು. ಆದರೆ 2025ರಲ್ಲಿ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ತನ್ನ ಬೆಂಗಳೂರಿನ ಸ್ಟುಡಿಯೊವನ್ನೇ ಮುಚ್ಚಿತು; ಒಂದೇ ಕಂಪನಿಯ ಸಂಬಳವೂ ಭದ್ರವಲ್ಲ. ಅದೇ ಪಾಠ ಗುತ್ತಿಗೆಗೂ ಸಲ್ಲುತ್ತದೆ: ಒಬ್ಬನೇ ಗ್ರಾಹಕನನ್ನು ನಂಬಿ ಕೂರಬೇಡಿ. ಗೇಮ್ ಬಿಡುಗಡೆಯಾಗುವವರೆಗೆ ಮಾಡಿದ ಕೆಲಸವನ್ನು ತೋರಿಸಲು ಗೋಪ್ಯತೆಯ ಕರಾರು ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಸ್ವಂತ ಕೃತಿಗಳು ನಿಲ್ಲಬಾರದು. ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಸಲ, ಹಕ್ಕು ವರ್ಗಾವಣೆ ಪೂರ್ತಿ ಹಣ ಬಂದ ಮೇಲೆಯೇ ಎಂಬುದು ಬರಹದಲ್ಲಿರಲಿ. ಇವಿಲ್ಲದ ಕೆಲಸವನ್ನು ಒಪ್ಪಿಕೊಳ್ಳಬೇಡಿ.