ನೊರೆ ನಿಂತ್ರೆ ಸ್ಕಿಮ್ಮರ್ ಕೆಟ್ಟಿದೆ ಅಂತಲೇ ಅರ್ಥವಾ?

ಶಿಕಾರಿಪುರ, ಸೊರಬದ ಕಡೆ ಸಮುದ್ರದ ಮೀನು ಸಾಕ್ತಾರೆ ಅಂದ್ರೆ ನಮ್ಮ ಕಾಲೇಜಿನಲ್ಲಿ ಯಾರೂ ತಟ್ಟನೆ ನಂಬಲ್ಲ. ಶಿಕಾರಿಪುರದಲ್ಲಿ ಹುಚ್ಚರಾಯನ ಕೆರೆ, ಅಂಜನಾಪುರ ಡ್ಯಾಮ್. ಸೊರಬದಲ್ಲಿ ದಂಡಾವತಿ ಹೊಳೆ, ಗುಡವಿಯ ಕೆರೆ. ಎಲ್ಲಾ ಸಿಹಿನೀರು. ಉಪ್ಪುನೀರು ನೋಡ್ಬೇಕಂದ್ರೆ ಸಾಗರ, ಜೋಗ ದಾಟಿ, ಘಟ್ಟ ಇಳಿದು ಹೊನ್ನಾವರಕ್ಕೆ ಹೋಗ್ಬೇಕು. ಆದ್ರೂ ಸೊರಬದ ನಮ್ಮ ಮಾವನ ಮನೆಯ ಹಾಲ್‌ನಲ್ಲಿ 200 ಲೀಟರಿನ ಒಂದು ಪುಟ್ಟ ಸಮುದ್ರ ಇದೆ. ಅದರಲ್ಲಿ ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಫಿಶ್, ಜೊತೆಗೆ ಇನ್ನೊಂದೆರಡು ಮೀನು. ಹವಳ, ಕಡಲ್ಗುದುರೆ ಇಲ್ಲ, ಯಾಕಂದ್ರೆ ಅವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಕಳೆದ ಬೇಸಿಗೆಯಲ್ಲಿ ಈ ಟ್ಯಾಂಕಿನ ಪ್ರೋಟೀನ್ ಸ್ಕಿಮ್ಮರ್ ನೊರೆ ಕೊಡೋದನ್ನ ನಿಲ್ಲಿಸಿತು. ಹೊಸದಕ್ಕೆ ಸಾವಿರಾರು ರೂಪಾಯಿ ಬೇಕು, ಅದೂ ಬೆಂಗಳೂರಿಂದ ಕೊರಿಯರ್‌ನಲ್ಲಿ ಬರಬೇಕು. ಅಷ್ಟು ದಿನ ಮೀನುಗಳ ಗತಿ ಏನು ಅನ್ನೋದು ಮಾವನ ಚಿಂತೆ. ಹೊಸದು ತರಿಸೋ ಮೊದಲು ಹಳೆಯದನ್ನ ಕ್ರಮವಾಗಿ ಪರೀಕ್ಷೆ ಮಾಡೋದು ಹೇಗೆ ಅಂತ ಈ ಪಾಠ. ಮೀನು ಸಾಕದವರೂ ಓದಿ, ಇದರಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ, ಮೋಟಾರ್ ಇದೆ, ಸ್ವಲ್ಪ ಕೆಮಿಸ್ಟ್ರಿನೂ ಇದೆ.

ಸ್ಕಿಮ್ಮರ್ ಮಾಡೋ ಕೆಲಸ ಏನು?

ಆಲೆಮನೆಗೆ ಹೋದವರು ಇದನ್ನ ಬೇಗ ಅರ್ಥ ಮಾಡ್ಕೊಳ್ತೀರಿ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತೆ, ಅದನ್ನ ಸೌಟಿನಿಂದ ತೆಗೆದು ಹಾಕ್ತಾರೆ. ತೆಗೆಯದಿದ್ರೆ ಬೆಲ್ಲ ಕಪ್ಪಾಗುತ್ತೆ. ಅಲ್ಲಿ ಬೆಂಕಿ ಮಾಡೋ ಕೆಲಸವನ್ನ ಸ್ಕಿಮ್ಮರ್‌ನಲ್ಲಿ ಗಾಳಿ ಮಾಡುತ್ತೆ.

ಮೀನಿನ ಹಿಕ್ಕೆ, ಉಳಿದ ಆಹಾರ ಇವುಗಳಿಂದ ಪ್ರೋಟೀನ್, ಕೊಬ್ಬು ಮುಂತಾದ ಸಾವಯವ ವಸ್ತು ನೀರಿಗೆ ಸೇರುತ್ತೆ. ಇಂಥ ಎಷ್ಟೋ ಅಣುಗಳಿಗೆ ಎರಡು ಸ್ವಭಾವ: ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ನೀರು ಬೇಡ. ಹಾಗಾಗಿ ಅವು ಗಾಳಿ ಮತ್ತು ನೀರು ಸೇರೋ ಮೇಲ್ಮೈಗೆ ಹೋಗಿ ಅಂಟಿಕೊಳ್ಳುತ್ವೆ. ಸ್ಕಿಮ್ಮರ್ ಆ ಮೇಲ್ಮೈಯನ್ನ ಗುಳ್ಳೆಗಳ ರೂಪದಲ್ಲಿ ಒದಗಿಸುತ್ತೆ. ಗುಳ್ಳೆಗಳು ಮೇಲೇರಿ, ಕತ್ತಿನ ಕೊಳವೆಯಲ್ಲಿ ನೊರೆಯಾಗಿ, ಮೇಲಿನ ಕಪ್‌ಗೆ ಬೀಳುತ್ವೆ. ಅಮೋನಿಯಾ ಆಗುವ ಮೊದಲೇ ಕೊಳೆ ಹೊರಗೆ ಹೋಗುತ್ತೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ ರಸ್ತೆಗೆ ಹಾರಿ ಬರ್ತಿದ್ದ ನೊರೆಯ ಹಿಂದೆ ಇರೋದೂ ಇದೇ ತತ್ವ. ಅಲ್ಲಿ ಕೊಳಚೆಯ ಜೊತೆ ಬಂದ ಡಿಟರ್ಜೆಂಟ್, ಇಲ್ಲಿ ಮೀನಿನ ತ್ಯಾಜ್ಯ.

ಗುಳ್ಳೆ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. ಲೆಕ್ಕ ಹಾಕಿ ನೋಡಿ. ಗೋಳದ ಮೇಲ್ಮೈಯನ್ನ ಘನ ಅಳತೆಯಿಂದ ಭಾಗಿಸಿದ್ರೆ 6/ವ್ಯಾಸ ಬರುತ್ತೆ. ಒಂದು ಲೀಟರ್ ಗಾಳಿಯನ್ನ 5 ಮಿ.ಮೀ. ಗುಳ್ಳೆ ಮಾಡಿದ್ರೆ ಒಟ್ಟು ಮೇಲ್ಮೈ 1.2 ಚದರ ಮೀಟರ್. ಅದನ್ನೇ 1 ಮಿ.ಮೀ. ಗುಳ್ಳೆ ಮಾಡಿದ್ರೆ 6 ಚದರ ಮೀಟರ್. ಸಣ್ಣ ಗುಳ್ಳೆ ನಿಧಾನಕ್ಕೆ ಏರುತ್ತೆ, ಹಾಗಾಗಿ ಕೊಳೆ ಅಂಟಿಕೊಳ್ಳೋಕೆ ಸಮಯವೂ ಹೆಚ್ಚು ಸಿಗುತ್ತೆ.

ಈಗ ಪರೀಕ್ಷೆ

ಒಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆಮೇಲೆ ಕಾಯಿರಿ. ಮೂರು ತಿರುಪು ಒಟ್ಟಿಗೆ ತಿರುಗಿಸಿದ್ರೆ ನೊರೆ ವಾಪಸ್ ಬಂದ್ರೂ ಯಾವುದರಿಂದ ಬಂತು ಅಂತ ಗೊತ್ತಾಗಲ್ಲ. ಇನ್ನೊಂದು ವಿಷಯ, ಪಂಪಿಗೆ ಕೈ ಹಾಕೋ ಮೊದಲು ಪ್ಲಗ್ ಕೀಳಿ. ಉಪ್ಪುನೀರು ಕರೆಂಟನ್ನ ಚೆನ್ನಾಗಿ ಹರಿಸುತ್ತೆ. ವೈರ್ ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗೋ ಹಾಗಿರಲಿ, ಆಗ ವೈರ್ ಮೇಲೆ ಇಳಿದ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತೆ.

1. ಗಾಳಿ. ಸ್ಕಿಮ್ಮರ್ ಓಡ್ತಿರುವಾಗ ಗಾಳಿ ಎಳೆಯೋ ಸಣ್ಣ ಪೈಪಿನ ತುದಿಗೆ ಬೆರಳಿಡಿ. ಬೆರಳನ್ನ ಒಳಕ್ಕೆ ಎಳೆದ ಹಾಗೆ ಆಗಬೇಕು. ಪಂಪಿನ ಬಾಯಲ್ಲಿ ವೆಂಚುರಿ ಇರುತ್ತೆ. ಅಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯೋದ್ರಿಂದ ಗಾಳಿ ತಾನಾಗಿ ಒಳಗೆ ಬರುತ್ತೆ. ಬರ್ನೂಲಿ ಸಮೀಕರಣ ಬರೀ ಪರೀಕ್ಷೆಗಲ್ಲ! ಎಳೆತ ಇಲ್ಲ ಅಂದ್ರೆ ಒಳಗಡೆ ಉಪ್ಪು ಒಣಗಿ ಕಟ್ಟಿಕೊಂಡಿರೋ ಸಾಧ್ಯತೆ ಹೆಚ್ಚು. ಪೈಪ್ ಬಿಚ್ಚಿ ಬೆಚ್ಚಗಿನ ಸಿಹಿನೀರು ಹಾಯಿಸಿ.

2. ಪಂಪ್. ಪೈಪ್ ತೊಳೆದ್ರೂ ಎಳೆತ ಬರದಿದ್ರೆ ಇಂಪೆಲ್ಲರ್ ತೆಗೆದು ನೋಡಿ. ಸೂಜಿ ಸೂಜಿಯಾಗಿರೋ ಚಕ್ರದ ಮೇಲೆ ಬಿಳಿ ಗಟ್ಟಿ ಪದರ ಇದ್ರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರಲ್ಲಿ ನೆನೆಸಿಡಿ, ಗುಳ್ಳೆ ಬಂದು ಕರಗುತ್ತೆ. ಆಮೇಲೆ ಚೆನ್ನಾಗಿ ತೊಳೀರಿ. ಸೋಪು ಮಾತ್ರ ಹತ್ತಿರ ತರಬೇಡಿ, ಅದು ಮೀನಿಗೂ ವಿಷ, ನೊರೆಯನ್ನೂ ಕೆಡಿಸುತ್ತೆ.

ಮೋಟಾರ್ ಬಗ್ಗೆ ಒಂದು ಮಾತು. ಮನೆಯ ಎಷ್ಟೋ ಸ್ಕಿಮ್ಮರ್‌ಗಳಲ್ಲಿ ಇರೋದು ಎರಡು ಪೋಲ್‌ನ ಸಿಂಕ್ರೊನಸ್ ಮೋಟಾರ್. ನಮ್ಮ 50 ಹರ್ಟ್ಸ್‌ಗೆ ಅದು ನಿಮಿಷಕ್ಕೆ 3000 ಸುತ್ತು ತಿರುಗುತ್ತೆ. ವೋಲ್ಟೇಜ್ ಕಮ್ಮಿ ಆದ್ರೆ ಸುತ್ತು ಇಳಿಯಲ್ಲ, ಟಾರ್ಕ್ ಇಳಿಯುತ್ತೆ. ಅಂದ್ರೆ ಓಡ್ತಿದ್ದ ಪಂಪ್ ಓಡ್ತಾನೇ ಇರುತ್ತೆ, ಆದ್ರೆ ಕರೆಂಟ್ ಹೋಗಿ ಬಂದಾಗ ಸ್ಟಾರ್ಟ್ ಆಗದೆ ಗುಂಯ್ ಅಂತ ನಿಂತುಬಿಡಬಹುದು. ಆಗ ಪ್ಲಗ್ ಕಿತ್ತು, ಇಂಪೆಲ್ಲರ್ ಸಡಿಲವಾಗಿ ತಿರುಗುತ್ತಾ ನೋಡಿ, ಮತ್ತೆ ಹಾಕಿ.

3. ನೀರಿನ ಮಟ್ಟ. ಮಾವನ ಟ್ಯಾಂಕಿನಲ್ಲಿ ಮೊದಲ ಎರಡೂ ಸರಿ ಇದ್ವು. ಸಿಕ್ಕಿಬಿದ್ದದ್ದು ಇಲ್ಲಿ. ಮೇಲಿನ ಟ್ಯಾಂಕಿನ ಮಟ್ಟವನ್ನ ಓವರ್‌ಫ್ಲೋ ಅಂಚು ಕಾಪಾಡುತ್ತೆ, ಹಾಗಾಗಿ ಆವಿಯಾದ ನೀರಿನ ಕೊರತೆಯೆಲ್ಲ ಸ್ಕಿಮ್ಮರ್ ಕೂತಿರೋ ಕೆಳಗಿನ ಸಂಪ್‌ನಲ್ಲೇ ಕಾಣುತ್ತೆ. ಆ ಸಂಪ್ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಒಳಗೆ ಅಡ್ಡಗೋಡೆ ಇಲ್ಲ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ್ರೆ ದಿನಕ್ಕೆ 3 ಲೀಟರ್ ಆವಿಯಾಗ್ತಿತ್ತು. 3000 ಘನ ಸೆಂ.ಮೀ. ನೀರನ್ನ 1800 ಚದರ ಸೆಂ.ಮೀ. ತಳದಿಂದ ಭಾಗಿಸಿ: ದಿನಕ್ಕೆ 1.7 ಸೆಂ.ಮೀ. ಇಳಿತ. ಮೂರು ದಿನ ನೀರು ಹಾಕದಿದ್ರೆ 5 ಸೆಂ.ಮೀ. ಹೊರಗೆ ಮಟ್ಟ ಇಳಿದ ಹಾಗೆ ಒಳಗಿನ ನೊರೆಯ ಸಾಲೂ ಕೆಳಗಿಳಿದು, ಕತ್ತು ಹತ್ತೋಕೆ ಆಗ್ತಿರಲಿಲ್ಲ. ಒಟ್ಟಿಗೆ ಒಂದು ಬಕೆಟ್ ನೀರು ಸುರಿದ ದಿನ ಅದೇ ಸ್ಕಿಮ್ಮರ್ ಉಕ್ಕಿ ಹರೀತಿತ್ತು. ದಿನಾ ಒಂದೇ ಗೆರೆಗೆ ನೀರು ತುಂಬಿಸೋಕೆ ಶುರು ಮಾಡಿದ್ಮೇಲೆ ನಾಲ್ಕನೇ ದಿನಕ್ಕೆ ಕಪ್‌ನಲ್ಲಿ ಕಂದು ನೊರೆ ಬಂತು. ಹೊಸ ಸ್ಕಿಮ್ಮರ್ ತರಿಸಲಿಲ್ಲ.

ತುಂಬಿಸೋದು ಸಿಹಿನೀರನ್ನೇ, ಆರ್‌ಓ ನೀರಾದ್ರೆ ಒಳ್ಳೇದು. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7 ಕೆ.ಜಿ. ಉಪ್ಪು. ಐದು ದಿನದಲ್ಲಿ 15 ಲೀಟರ್ ಹೋದ್ರೆ ಉಳಿದ 185 ಲೀಟರಿನಲ್ಲಿ ಅದೇ 7 ಕೆ.ಜಿ., ಅಂದ್ರೆ ಲೀಟರಿಗೆ ಸುಮಾರು 37.8 ಗ್ರಾಂ.

ಮಳೆಗಾಲದಲ್ಲಿ ಇದೇ ಸಮಸ್ಯೆ ತಿರುಗಾಮುರುಗಾ. ನಮ್ಮ ಕಡೆ ಜೋರು ಮಳೆ ಗಾಳಿಗೆ ಕರೆಂಟ್ ಹೋಗೋದು ಮಾಮೂಲು. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನ ಸ್ವಲ್ಪ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತೆ. ಕರೆಂಟ್ ಬಂದ ಕೂಡಲೇ ಸ್ಕಿಮ್ಮರ್ ಆ ಎತ್ತರದ ನೀರಲ್ಲಿ ಶುರುವಾಗಿ ಉಕ್ಕುತ್ತೆ, ಕಪ್‌ನಲ್ಲಿ ಕೂಡಿಟ್ಟ ಕೊಳೆ ವಾಪಸ್ ಸಂಪ್ ಸೇರುತ್ತೆ. ಸ್ಕಿಮ್ಮರ್ ಮಾತ್ರ ಹತ್ತು ನಿಮಿಷ ತಡವಾಗಿ ಆನ್ ಆಗೋ ಹಾಗೆ ಒಂದು ಡಿಲೇ ಟೈಮರ್ ಹಾಕಿದ್ರೆ ಮುಗೀತು. ಎಲೆಕ್ಟ್ರಾನಿಕ್ಸ್‌ನವರಿಗೆ ಇದು ಒಂದು ಮಿನಿ ಪ್ರಾಜೆಕ್ಟ್: ಒಂದು 555 ಐಸಿ, ಒಂದು ರಿಲೇ. ಆದ್ರೆ 230 ವೋಲ್ಟ್ ಕಡೆಯ ವೈರಿಂಗನ್ನ ತಿಳಿದವರ ಕೈಲೇ ಮಾಡಿಸಿ.

4. ನೀರಿನ ಗುಣ. ಉಪ್ಪು ಕಮ್ಮಿ ಇದ್ರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ದಪ್ಪ ಆಗುತ್ವೆ. ಎರಡು ಬಾಟಲಿ ತಗೊಳಿ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಹಾಕಿ ಜೋರಾಗಿ ಅಲ್ಲಾಡಿಸಿ. ಉಪ್ಪುನೀರಿನ ಗುಳ್ಳೆ ಸಣ್ಣಗಿರುತ್ತೆ, ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತೆ. ಸಿಹಿನೀರಿನ ಅಕ್ವೇರಿಯಂನಲ್ಲಿ ಸ್ಕಿಮ್ಮರ್ ಅಷ್ಟಾಗಿ ನಡೆಯದಿರೋಕೆ ಇದೊಂದು ಮುಖ್ಯ ಕಾರಣ. ಟ್ಯಾಂಕಿನ ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ಇದೆಯಾ ಅಂತ ಅಳೆಯಿರಿ.

ಎಣ್ಣೆ ಅಂಶ ಇದ್ದ ಆಹಾರ ಹಾಕಿದಾಗ ಅಥವಾ ಲೋಷನ್ ಹಚ್ಚಿದ ಕೈ ಅದ್ದಿದಾಗ ನೊರೆ ಕೆಲವು ಗಂಟೆ ಬಿದ್ದುಹೋಗಬಹುದು, ತಾನಾಗಿ ಸರಿ ಆಗುತ್ತೆ. ಕ್ಲೋರಿನ್ ತೆಗೆಯೋ ಕೆಲವು ದ್ರಾವಣ ಹಾಕಿದ್ರೆ ಉಲ್ಟಾ, ನೊರೆ ಉಕ್ಕುತ್ತೆ. ಹೊಸ ಸ್ಕಿಮ್ಮರ್ ಆದ್ರೆ ಹದಕ್ಕೆ ಬರೋಕೆ ಕೆಲವು ದಿನದಿಂದ ಒಂದೆರಡು ವಾರ ಬೇಕು. ಕತ್ತಿನ ಒಳಗೋಡೆಯ ಜಿಡ್ಡನ್ನ ಎರಡು ಮೂರು ದಿನಕ್ಕೊಮ್ಮೆ ಒರೆಸಿ, ಜಿಡ್ಡು ನೊರೆಯನ್ನ ಒಡೆಯುತ್ತೆ. ಮೀನು ಕಮ್ಮಿ, ಆಹಾರ ಕಮ್ಮಿ ಇದ್ರೆ ನೊರೆ ಕಮ್ಮಿ ಬರೋದೇ ಸರಿ.

ನಿಜವಾಗಿಯೂ ಕೆಟ್ಟಿದ್ರೆ?

ಗಾಬರಿ ಬೇಡ. ಸ್ಕಿಮ್ಮರ್ ನಿಂತ ಕೂಡಲೇ ಮೀನು ಸಾಯಲ್ಲ. ಆದ್ರೆ ಸ್ಕಿಮ್ಮರ್ ಕೊಳೆ ತೆಗೆಯೋದರ ಜೊತೆ ನೀರಿಗೆ ಆಮ್ಲಜನಕವನ್ನೂ ಸೇರಿಸ್ತಿತ್ತು ಅನ್ನೋದು ನೆನಪಿರಲಿ. ಬಿಸಿ ನೀರು ಆಮ್ಲಜನಕವನ್ನ ಕಮ್ಮಿ ಹಿಡಿದಿಡುತ್ತೆ, ಹಾಗಾಗಿ ಬೇಸಿಗೆಯಲ್ಲಿ ಮೊದಲ ಕೆಲಸ ಏರ್ ಪಂಪ್ ಹಾಕೋದು. ಬ್ಯಾಟರಿಯದ್ದು ಒಂದು ಮನೇಲಿರಲಿ. ಎರಡನೇದು, ಆಹಾರ ಅರ್ಧಕ್ಕೆ ಇಳಿಸಿ. ಮೂರನೇದು, ವಾರಕ್ಕೆ 10ರಿಂದ 20 ಶೇಕಡಾ ನೀರು ಬದಲಿಸಿ, ಅಮೋನಿಯಾ ಟೆಸ್ಟ್ ಮಾಡ್ತಾ ಇರಿ. ತೆಗೆದ ಉಪ್ಪುನೀರನ್ನ ಅಡಿಕೆ ಮರದ ಬುಡಕ್ಕೋ ಬಾವಿ ಹತ್ತಿರವೋ ಚೆಲ್ಲಬೇಡಿ, ಮಣ್ಣು ಕೆಡುತ್ತೆ.

ನಿಮ್ಮ ಊರಲ್ಲಿ ಯಾರಾದ್ರೂ ಸ್ಕಿಮ್ಮರ್ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ರೆ ಈ ಕ್ರಮ ಹೇಳಿ: ಗಾಳಿ, ಪಂಪ್, ಮಟ್ಟ, ನೀರು. ಹೊಸದಕ್ಕೆ ಆರ್ಡರ್ ಹಾಕೋದು ಈ ನಾಲ್ಕೂ ಮುಗಿದ ಮೇಲೆ.